ವಾಲ್ಯೂಮ್ ಗ್ರೂಪ್ (ಯುನಿಕ್ಸ್)

ವಾಲ್ಯೂಮ್ ಗ್ರೂಪ್ ಎಂಬುದು ಯುನಿಕ್ಸ್ ಮತ್ತು ಅದರ ಬಳಗದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಒಂದು ಅಥವಾ ಹಲವು ಡಿಸ್ಕುಗಳ ಜಾಗವನ್ನು ಒಟ್ಟುಗೂಡಿಸಿ, ಬೇಕಾದ ಅಳತೆಯಲ್ಲಿ ಹಂಚಿಕೊಡಲು ರಚಿಸುವ ಸಂಗ್ರಹವಾಗಿದೆ. ಇದನ್ನು ನಿರ್ವಹಿಸುವ ತಂತ್ರಾಂಶಕ್ಕೆ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್ (ಎಲ್‌ವಿಎಂ) ಎಂದು ಹೆಸರು.

ಹಿನ್ನೆಲೆ

ಮೊದಲು ಡಿಸ್ಕನ್ನು ಸ್ಥಿರವಾದ ವಿಭಾಗಗಳಾಗಿ ಒಡೆದು, ಪ್ರತಿಯೊಂದರಲ್ಲಿ ಒಂದು ಕಡತ ವ್ಯವಸ್ಥೆಯನ್ನು ಸ್ಥಾಪಿಸಲಾಗುತ್ತಿತ್ತು. ಒಂದು ವಿಭಾಗ ತುಂಬಿ, ಪಕ್ಕದ್ದು ಖಾಲಿ ಉಳಿದರೂ ಆ ಜಾಗ ಉಪಯೋಗಕ್ಕೆ ಬರುತ್ತಿರಲಿಲ್ಲ. 1990ರಲ್ಲಿ ಐಬಿಎಂ ಸಂಸ್ಥೆಯು ಎಐಎಕ್ಸ್ 3ನೇ ಆವೃತ್ತಿಯಲ್ಲಿ ಈ ತೊಡಕಿಗೆ ಪರಿಹಾರ ಒದಗಿಸಿತು. ಅನಂತರ ಎಚ್‌ಪಿ-ಯುಎಕ್ಸ್ ಅದೇ ಪದ್ಧತಿಯನ್ನು ಅಳವಡಿಸಿಕೊಂಡಿತು. 1998ರಲ್ಲಿ ಹೈನ್ಜ್ ಮೌಲ್ಸ್‌ಹಾಗನ್ ಅವರು ಎಚ್‌ಪಿ-ಯುಎಕ್ಸ್ ಮಾದರಿಯಲ್ಲಿ ಲಿನಕ್ಸ್‌ಗೆ ಎಲ್‌ವಿಎಂ ಬರೆದರು.

ರಚನೆ

ಎಲ್‌ವಿಎಂನಲ್ಲಿ ಮೂರು ಹಂತಗಳಿವೆ. ಡಿಸ್ಕು ಅಥವಾ ಅದರ ವಿಭಾಗಕ್ಕೆ ಗುರುತು ಹಾಕಿದಾಗ ಅದು ಫಿಸಿಕಲ್ ವಾಲ್ಯೂಮ್ ಎನಿಸುತ್ತದೆ. ಅಂಥವು ಸೇರಿ ವಾಲ್ಯೂಮ್ ಗ್ರೂಪ್ ಆಗುತ್ತದೆ. ಗ್ರೂಪಿನಿಂದ ಅಳೆದು ತೆಗೆದದ್ದು ಲಾಜಿಕಲ್ ವಾಲ್ಯೂಮ್. ಕಡತ ವ್ಯವಸ್ಥೆ ಇರುವುದು ಇದರ ಮೇಲೆ.

ನರಗುಂದ, ರೋಣ ಸೀಮೆಯ ಓದುಗರಿಗೆ ಹಗೇವಿನ ಹೋಲಿಕೆ ಸುಲಭವಾದೀತು. ಹಲವು ಹೊಲಗಳ ಜೋಳವನ್ನು ಒಂದೇ ಹಗೇವಿನಲ್ಲಿ ಸುರಿದ ಮೇಲೆ ಬೇಕಾದಷ್ಟನ್ನು ಅಳೆದು ತೆಗೆಯಬಹುದು. ಯಾವ ಕಾಳು ಯಾವ ಹೊಲದ್ದೆಂದು ಕೇಳುವ ಅಗತ್ಯವಿಲ್ಲ. ಹೋಲಿಕೆ ಪೂರ್ಣವಲ್ಲ: ಎಲ್‌ವಿಎಂ ಪ್ರತಿಯೊಂದು ತುಣುಕೂ ಯಾವ ಡಿಸ್ಕಿನದೆಂಬ ಲೆಕ್ಕವನ್ನು ತಪ್ಪದೆ ಇಡುತ್ತದೆ.

ಇಲ್ಲಿ ಅಳತೆಯ ಮಾನಕ್ಕೆ ಎಕ್ಸ್‌ಟೆಂಟ್ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಅದರ ರೂಢಿಯ ಗಾತ್ರ 4 ಮೆಗಾಬೈಟ್. ಆ ಲೆಕ್ಕದಲ್ಲಿ 500 ಗಿಗಾಬೈಟಿನ ಡಿಸ್ಕಿನಲ್ಲಿ ಸುಮಾರು 1,28,000 ಎಕ್ಸ್‌ಟೆಂಟುಗಳಿರುತ್ತವೆ. ಎಚ್‌ಪಿ-ಯುಎಕ್ಸ್‌ನ ಹಳೆಯ ಎಲ್‌ವಿಎಂನಲ್ಲಿ ಒಂದು ಡಿಸ್ಕಿಗೆ ಹೆಚ್ಚೆಂದರೆ 65,535 ಎಕ್ಸ್‌ಟೆಂಟುಗಳಿಗೆ ಮಾತ್ರ ಅವಕಾಶವಿತ್ತು. ಹೀಗಾಗಿ 4 ಮೆಗಾಬೈಟಿನ ಗಾತ್ರವನ್ನು ಆರಿಸಿಕೊಂಡ ಗ್ರೂಪಿಗೆ ಮುಂದೆ ಸುಮಾರು 256 ಗಿಗಾಬೈಟಿಗಿಂತ ದೊಡ್ಡ ಡಿಸ್ಕನ್ನು ಸೇರಿಸಿದರೂ ಅದರ ಪೂರ್ಣ ಜಾಗ ದಕ್ಕುತ್ತಿರಲಿಲ್ಲ. ಆದ್ದರಿಂದ ಗ್ರೂಪನ್ನು ರಚಿಸುವ ದಿನವೇ ಮುಂದಿನ ವರ್ಷಗಳ ಬೆಳವಣಿಗೆಯನ್ನು ಅಂದಾಜು ಮಾಡಬೇಕಾಗಿತ್ತು.

ಸ್ಥಾಪನೆ ಮತ್ತು ವಿಸ್ತರಣೆ

ಲಿನಕ್ಸ್‌ನಲ್ಲಿ 'ಪಿವಿಕ್ರಿಯೇಟ್', 'ವಿಜಿಕ್ರಿಯೇಟ್', 'ಎಲ್‌ವಿಕ್ರಿಯೇಟ್' ಎಂಬ ಆದೇಶಗಳನ್ನು ಇದೇ ಅನುಕ್ರಮದಲ್ಲಿ ನೀಡಲಾಗುತ್ತದೆ. ಎಐಎಕ್ಸ್‌ನಲ್ಲಿ 'ಎಂಕೆವಿಜಿ' ಎಂಬ ಆದೇಶವು ಗ್ರೂಪನ್ನು ರಚಿಸುತ್ತದೆ. ಮೊದಲ ಹೆಜ್ಜೆಯೇ ಅತ್ಯಂತ ಅಪಾಯಕರವಾದುದು. ಬಳಕೆಯಲ್ಲಿರುವ ಬೇರೊಂದು ಡಿಸ್ಕಿನ ಹೆಸರು ಕೊಟ್ಟರೆ ಅದರಲ್ಲಿರುವ ದತ್ತಾಂಶಕ್ಕೆ ಕುತ್ತು ಬರುತ್ತದೆ. ಯಂತ್ರವನ್ನು ಮರುಚಾಲನೆ ಮಾಡಿದಾಗ ಡಿಸ್ಕುಗಳ ಹೆಸರು ಅದಲುಬದಲಾಗುವುದೂ ಉಂಟು. ಈ ಕಾರಣದಿಂದ ಗಾತ್ರ ಮತ್ತು ಕ್ರಮಸಂಖ್ಯೆಗಳನ್ನು ತಾಳೆ ನೋಡಿದ ಬಳಿಕವೇ ಆದೇಶ ನೀಡುವುದು ಉಚಿತ.

ಜಾಗ ಸಾಲದಾದಾಗ ಹೊಸ ಡಿಸ್ಕನ್ನು ಗ್ರೂಪಿಗೆ ಸೇರಿಸಿ, ಮೊದಲು ಲಾಜಿಕಲ್ ವಾಲ್ಯೂಮನ್ನು, ಆಮೇಲೆ ಕಡತ ವ್ಯವಸ್ಥೆಯನ್ನು ಹಿಗ್ಗಿಸಬೇಕು. ಕುಗ್ಗಿಸುವಾಗ ಈ ಕ್ರಮ ತಿರುವುಮುರುವಾಗುತ್ತದೆ: ಮೊದಲು ಕಡತ ವ್ಯವಸ್ಥೆ, ಅನಂತರ ವಾಲ್ಯೂಮ್. ವಾಲ್ಯೂಮನ್ನೇ ಮೊದಲು ಕುಗ್ಗಿಸಿದರೆ ಕಡತ ವ್ಯವಸ್ಥೆಯ ಬಾಲಭಾಗ ಕತ್ತರಿಸಿಹೋಗುತ್ತದೆ. ಇಎಕ್ಸ್‌ಟಿ4 ಕಡತ ವ್ಯವಸ್ಥೆಯನ್ನು ಬಳಕೆಯಿಂದ ಬಿಡಿಸಿದ ಬಳಿಕ ಕುಗ್ಗಿಸಬಹುದು. ಎಕ್ಸ್‌ಎಫ್‌ಎಸ್ ಅನ್ನು ಹಿಗ್ಗಿಸಬಹುದಾದರೂ ಸಾಮಾನ್ಯ ಬಳಕೆಯಲ್ಲಿ ಕುಗ್ಗಿಸಲಾಗದು.

ಸುರಕ್ಷತೆ

ವಾಲ್ಯೂಮ್ ಗ್ರೂಪ್ ತಾನಾಗಿ ದತ್ತಾಂಶವನ್ನು ರಕ್ಷಿಸುವುದಿಲ್ಲ. ಎರಡು ಡಿಸ್ಕುಗಳ ಮೇಲೆ ಹರಡಿದ ವಾಲ್ಯೂಮಿನಲ್ಲಿ ಒಂದು ಡಿಸ್ಕು ಕೆಟ್ಟರೂ ಇಡೀ ಕಡತ ವ್ಯವಸ್ಥೆ ನಿರುಪಯೋಗಿಯಾಗಬಹುದು. ಇದಕ್ಕೆ ಪರಿಹಾರವೆಂದು ಮಿರರಿಂಗ್ ಬಳಸುತ್ತಾರೆ. ಅಂದರೆ ಪ್ರತಿ ಎಕ್ಸ್‌ಟೆಂಟಿನ ಎರಡು ಪ್ರತಿಗಳನ್ನು ಬೇರೆಬೇರೆ ಡಿಸ್ಕುಗಳಲ್ಲಿ ಇಡುತ್ತಾರೆ. ಸ್ನ್ಯಾಪ್‌ಶಾಟ್ ಎಂಬುದು ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುತ್ತದೆಯಾದರೂ ಅದನ್ನು ಪೂರ್ಣ ಪ್ರತಿಯೆಂದು ಭಾವಿಸುವಂತಿಲ್ಲ. ಅದು ಮೂಲ ಡಿಸ್ಕನ್ನೇ ಅವಲಂಬಿಸಿದೆ.

ಮಿರರಿಂಗ್ ಒಂದು ಡಿಸ್ಕಿನ ಕೇಡಿನಿಂದ ಕಾಪಾಡುತ್ತದೆಯೇ ಹೊರತು ಇಡೀ ಕಟ್ಟಡಕ್ಕೆ ಬಂದ ಆಪತ್ತಿನಿಂದಲ್ಲ. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಕೊಣ್ಣೂರು ಮಲಪ್ರಭಾ ದಂಡೆಯ ಊರು. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಅಲ್ಲಿಗೆ ನೀರು ನುಗ್ಗಿತ್ತು. ಇಂಥ ಕಡೆ ಒಂದೇ ಪೆಟ್ಟಿಗೆಯಲ್ಲಿರುವ ಎರಡೂ ಡಿಸ್ಕುಗಳು ಒಟ್ಟಿಗೇ ಮುಳುಗುತ್ತವೆ. ಕರ್ನಾಟಕದಲ್ಲಿ 'ಭೂಮಿ' ಯೋಜನೆಯ ಬಳಿಕ ರೈತರ ಪಹಣಿಗಳು ಕೈಬರಹದ ಪುಸ್ತಕಗಳಿಂದ ಗಣಕಕ್ಕೆ ಬಂದಿವೆ. ಅಂತಹ ದಾಖಲೆಗಳಿಗೆ ದೂರದ ಇನ್ನೊಂದು ಸ್ಥಳದಲ್ಲಿ, ಸಾಧ್ಯವಾದರೆ ಬೇರೆ ಮಾಧ್ಯಮದಲ್ಲಿ, ಪ್ರತಿ ಇರುವುದು ಅವಶ್ಯ. ಕೊಣ್ಣೂರಿನಲ್ಲೇ ಇದಕ್ಕೊಂದು ಪುರಾತನ ನಿದರ್ಶನವಿದೆ. ರಾಷ್ಟ್ರಕೂಟ ಅಮೋಘವರ್ಷನ ಹೆಸರಿನಲ್ಲಿ ಶಕ 782ರ (ಕ್ರಿ.ಶ. 860) ದತ್ತಿಯನ್ನು ಹೇಳುವ ಅಲ್ಲಿನ ಶಾಸನವು, ತಾಮ್ರಪಟದಲ್ಲಿದ್ದುದನ್ನು ಮುಂದಿನ ಕಾಲದಲ್ಲಿ ಶಿಲೆಯ ಮೇಲೆ ಬರೆಸಿದ ಪ್ರತಿಯೆಂದು ತಾನೇ ಹೇಳಿಕೊಳ್ಳುತ್ತದೆ.

ಗ್ರೂಪಿನ ರಚನೆಯ ವಿವರವನ್ನೂ ಪ್ರತ್ಯೇಕವಾಗಿ ಕಾದಿಡಬೇಕು. 'ವಿಜಿಸಿಎಫ್‌ಜಿಬ್ಯಾಕಪ್' ಆದೇಶವು ಇದನ್ನು ಕಡತವಾಗಿ ಉಳಿಸುತ್ತದೆ. ಇದರಲ್ಲಿ ಇರುವುದು ನಕ್ಷೆ ಮಾತ್ರ, ದತ್ತಾಂಶವಲ್ಲ.

ಇತರ ವ್ಯವಸ್ಥೆಗಳು

ಸೋಲಾರಿಸ್‌ನಲ್ಲಿ ವೆರಿಟಾಸ್ ವಾಲ್ಯೂಮ್ ಮ್ಯಾನೇಜರ್ ಬಹುಕಾಲ ಬಳಕೆಯಲ್ಲಿತ್ತು. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ಮುಕ್ತವಾಗಿ ಹೊರತಂದ ಜೆಡ್‌ಎಫ್‌ಎಸ್, ವಾಲ್ಯೂಮ್ ನಿರ್ವಹಣೆ ಮತ್ತು ಕಡತ ವ್ಯವಸ್ಥೆ ಎರಡನ್ನೂ ಒಂದಾಗಿಸಿತು.