ಟೈಮ್‌ಶೇರ್ ಸಾಲ ಮತ್ತು ವಸೂಲಿ: ಮುಂಬೈ

ರೆಸಾರ್ಟ್‌ನಲ್ಲಿ ವರ್ಷಕ್ಕೆ ಕೆಲವು ದಿನ ತಂಗುವ ಹಕ್ಕನ್ನು ಹಲವು ವರ್ಷಗಳಿಗೆ ಮೊದಲೇ ಕೊಳ್ಳುವ ಟೈಮ್‌ಶೇರ್ ವ್ಯವಹಾರ ಭಾರತದಲ್ಲಿ ಬೇರೂರಿದ್ದು 1980ರ ದಶಕದಲ್ಲಿ. ಚೆನ್ನೈನ ಸ್ಟರ್ಲಿಂಗ್ 1986ರಲ್ಲಿ, ಮಹೀಂದ್ರ ಹಾಲಿಡೇಸ್ 1996ರಲ್ಲಿ ಹುಟ್ಟಿದವು. ಮುಂಬೈನ ಸಂಬಳದಾರ ಕುಟುಂಬಗಳಿಗೂ ಈ ಸದಸ್ಯತ್ವ ಕಂತಿನ ಮೇಲೆ ಸಿಗತೊಡಗಿತು.

ತೊಡಕಿನ ಮೂಲ ಆ ಕಂತಿನಲ್ಲೇ ಇದೆ. ಬ್ಯಾಂಕ್ ಅಥವಾ ಹಣಕಾಸು ಕಂಪನಿಯ ಸಾಲದಿಂದ ಸದಸ್ಯತ್ವ ಕೊಂಡಿದ್ದರೆ, ರೆಸಾರ್ಟ್ ಕ್ಲಬ್‌ಗೆ ಹಣ ಆಗಲೇ ಸಂದಿರುತ್ತದೆ. ಸದಸ್ಯತ್ವ ಬೇಡವೆಂದು ಕ್ಲಬ್‌ಗೆ ಪತ್ರ ಬರೆದು ಕಂತು ನಿಲ್ಲಿಸಿದವರು ಸಾಲದ ದಾಖಲೆಯಲ್ಲಿ ಬಾಕಿದಾರರಾಗುತ್ತಾರೆ. 2000ದಲ್ಲಿ ಮುಂಬೈನಲ್ಲಿ ಸ್ಥಾಪನೆಯಾದ, ಸಾಲಗಾರರ ಮಾಹಿತಿ ಇಡುವ ಸಂಸ್ಥೆ ಸಿಬಿಲ್‌ಗೆ ಆ ಮಾಹಿತಿ ಹೋಗುತ್ತದೆ. ಮುಂದೆ ಮನೆ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ಬಾಕಿಯನ್ನು ರಿಯಾಯಿತಿಯಲ್ಲಿ ಇತ್ಯರ್ಥ ಮಾಡಿಕೊಂಡರೂ ‘ಸೆಟಲ್ಡ್’ ಎಂಬ ಷರಾ ಉಳಿಯುತ್ತದೆ. ರೆಸಾರ್ಟ್ ಕಂಪನಿ ಸಾಲಸಂಸ್ಥೆಯಲ್ಲ. ಹಾಗಾಗಿ ಅದಕ್ಕೇ ಕೊಡಬೇಕಾದ ವಾರ್ಷಿಕ ನಿರ್ವಹಣಾ ಶುಲ್ಕದ ಬಾಕಿ ಸಾಮಾನ್ಯವಾಗಿ ಸಿಬಿಲ್‌ಗೆ ಹೋಗುವುದಿಲ್ಲ. ವಸೂಲಿ ಕರೆಗಳಿಗೆ ಹೆದರುವವರು ಈ ವ್ಯತ್ಯಾಸವನ್ನು ತಿಳಿದಿರಲೇಬೇಕು.

ವಸೂಲಿಗೆ ಗೂಂಡಾಗಳನ್ನು ಬಳಸುವುದನ್ನು ಸುಪ್ರೀಂ ಕೋರ್ಟ್ 2007ರಲ್ಲಿ, ಐಸಿಐಸಿಐ ಬ್ಯಾಂಕ್ ಮತ್ತು ಪ್ರಕಾಶ್ ಕೌರ್ ಪ್ರಕರಣದಲ್ಲಿ, ಕಟುವಾಗಿ ಖಂಡಿಸಿತು. ಮರುವರ್ಷ ರಿಸರ್ವ್ ಬ್ಯಾಂಕ್ ವಸೂಲಿ ಏಜೆಂಟರಿಗೆ ನಿಯಮ ರೂಪಿಸಿತು. 2022ರ ಆಗಸ್ಟ್‌ನ ಸುತ್ತೋಲೆಯು ಬೆಳಗ್ಗೆ 8ಕ್ಕೆ ಮುನ್ನ, ಸಂಜೆ 7ರ ನಂತರ ಸಾಲಗಾರರಿಗೆ ವಸೂಲಿ ಕರೆ ಮಾಡುವುದನ್ನು ನಿಷೇಧಿಸಿತು.

ಮುಂಬೈ ಕಂಡ ದೊಡ್ಡ ಪೆಟ್ಟು ಪ್ಯಾನ್‌ಕಾರ್ಡ್ ಕ್ಲಬ್ಸ್‌ನದು. ಹೋಟೆಲ್ ಕೊಠಡಿಯ ರಾತ್ರಿಗಳನ್ನು ಮಾರಿ, ಬಳಸದಿದ್ದರೆ ಹೆಚ್ಚಿನ ಹಣ ಹಿಂತಿರುಗಿಸುವುದಾಗಿ ಹೇಳುತ್ತಿದ್ದ ಅದರ ಯೋಜನೆಯನ್ನು ಷೇರುಪೇಟೆ ನಿಯಂತ್ರಕ ಸೆಬಿ ಅನಧಿಕೃತ ಸಾಮೂಹಿಕ ಹೂಡಿಕೆ ಎಂದು ತೀರ್ಮಾನಿಸಿತು. 2016ರ ಫೆಬ್ರವರಿ 29ರ ಆದೇಶದಲ್ಲಿ, 51 ಲಕ್ಷಕ್ಕೂ ಹೆಚ್ಚು ಜನರಿಂದ ಪಡೆದ ಸುಮಾರು 7,035 ಕೋಟಿ ರೂಪಾಯಿ ಮರಳಿಸುವಂತೆ ಸೂಚಿಸಿತು. ಇಲ್ಲಿ ಜನ ಸಾಲಗಾರರಲ್ಲ. ಕಂಪನಿಯಿಂದ ಬರಬೇಕಾದ ಹಣಕ್ಕೆ ಕಾದು ಕುಳಿತವರು.

ಯುರೋಪಿಯನ್ ಒಕ್ಕೂಟದ 2008ರ ಟೈಮ್‌ಶೇರ್ ನಿರ್ದೇಶನದ ಪ್ರಕಾರ ಕೊಂಡವರು 14 ದಿನಗಳೊಳಗೆ ಹಿಂದೆ ಸರಿದರೆ ಸದಸ್ಯತ್ವಕ್ಕೆ ಬೆಸೆದ ಸಾಲವೂ ತಾನಾಗಿ ರದ್ದಾಗುತ್ತದೆ. ಟೈಮ್‌ಶೇರ್‌ಗೆಂದೇ ಇಂಥ ಕಾನೂನು ಭಾರತದಲ್ಲಿಲ್ಲ. ಗ್ರಾಹಕರಿಗೆ ಇದು ನಿಜಕ್ಕೂ ದೊಡ್ಡ ಕೊರತೆ. ಆದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರನ್ನು ಪ್ರಶ್ನಿಸುವ ದಾರಿ ತೆರೆದಿದೆ. ಕಂಪನಿಯ ಕಚೇರಿ ಚೆನ್ನೈನಲ್ಲಿದ್ದರೂ ಮುಂಬೈ ನಿವಾಸಿ ತನ್ನೂರಿನ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಸಾಲದ ದಾಖಲೆಯಲ್ಲಿನ ತಪ್ಪನ್ನು ದೂರು ಕೊಟ್ಟ 30 ದಿನಗಳೊಳಗೆ ಸರಿಪಡಿಸದಿದ್ದರೆ, 2024ರ ಏಪ್ರಿಲ್‌ನಿಂದ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು.