ಹಳೆಯ ಗ್ಯಾರಂಡ್‌ಗೆ ಬೆಲೆ ಕಟ್ಟುವ ಬಗೆ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಹೆಗಲ ಮೇಲಿದ್ದ ಎಂ1 ಗ್ಯಾರಂಡ್ ರೈಫಲನ್ನು ಆ ದೇಶದ ಸಾಮಾನ್ಯ ನಾಗರಿಕರು ಇಂದಿಗೂ ಕೊಳ್ಳುತ್ತಾರೆ. ಕುದುರೆ ಎಳೆದಾಗಲೆಲ್ಲ ಒಂದು ಗುಂಡು ಹಾರಿಸಿ, ಮುಂದಿನ ತೋಟಾವನ್ನು ತಾನೇ ನಳಿಗೆಗೆ ಏರಿಸಿಕೊಳ್ಳುವ ಅರೆಸ್ವಯಂಚಾಲಿತ ಬಂದೂಕು ಅದು. ಸೇನೆ ಅದರ ಜಾಗಕ್ಕೆ ಬೇರೊಂದನ್ನು ತಂದು ಅರವತ್ತು ವರ್ಷಗಳ ಮೇಲಾಯಿತು. ಹೀಗಿದ್ದೂ ಅದನ್ನು ಕೊಳ್ಳಬೇಕೇ ಬೇಡವೇ ಎಂದು ಲೆಕ್ಕ ಹಾಕುವವರು ಕಡಿಮೆಯಾಗಿಲ್ಲ. ಅವರ ಲೆಕ್ಕ ಸಾಮಾನ್ಯವಾಗಿ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತದೆ: ಬಿಡಿಭಾಗಗಳೆಲ್ಲ ಮೂಲದವೇ, ಹೊಸ ರೈಫಲ್‌ಗಳ ಮುಂದೆ ಇದು ನಿಲ್ಲುತ್ತದೆಯೇ? ಎರಡೂ ಪ್ರಶ್ನೆಗಳು ಈ ಬಂದೂಕಿನ ಇತಿಹಾಸಕ್ಕೆ ಹೊಂದುವುದಿಲ್ಲ ಎಂಬುದು ನನ್ನ ವಾದ. ಗ್ಯಾರಂಡ್ ಜನರ ಕೈಗೆ ಬಂದದ್ದು ಗುರಿ ಹೊಡೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಆ ಷರತ್ತನ್ನು ಬದಿಗಿಟ್ಟು ಅದಕ್ಕೆ ಬೆಲೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ.

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 1888ರಲ್ಲಿ ಹುಟ್ಟಿದ ಜಾನ್ ಗ್ಯಾರಂಡ್ 1919ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಶಸ್ತ್ರಾಗಾರವನ್ನು ಸೇರಿದರು. ಮುಂದಿನ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅವರ ದುಡಿಮೆಯೆಲ್ಲ ಈ ಒಂದು ರೈಫಲ್‌ಗೆ ಮೀಸಲಾಯಿತು. ಸಣ್ಣ ಅಳತೆಯ ತೋಟಾಕ್ಕೆ ಹೊಂದುವಂತೆ ಅವರು ರೂಪಿಸಿದ್ದ ಮಾದರಿಯನ್ನು 1932ರಲ್ಲಿ ಸೇನಾ ಮುಖ್ಯಸ್ಥ ಡಗ್ಲಸ್ ಮೆಕಾರ್ಥರ್ ಒಪ್ಪಲಿಲ್ಲ. ಉಗ್ರಾಣಗಳಲ್ಲಿ ಹಳೆಯ .30-06 ತೋಟಾಗಳು ರಾಶಿ ಬಿದ್ದಿರುವಾಗ ಹೊಸ ಅಳತೆಯ ಖರ್ಚು ಏಕೆ ಎಂಬುದು ಅವರ ಲೆಕ್ಕಾಚಾರ. ಗ್ಯಾರಂಡ್ ಮತ್ತೆ ದೊಡ್ಡ ತೋಟಾಕ್ಕೇ ತಮ್ಮ ವಿನ್ಯಾಸವನ್ನು ಒಗ್ಗಿಸಿದರು; 1936ರ ಜನವರಿಯಲ್ಲಿ ಸೇನೆ ಅದನ್ನು ಒಪ್ಪಿಕೊಂಡಿತು. ಮಹಾಯುದ್ಧ ಮುಗಿಯುವ ಹೊತ್ತಿಗೆ ಸುಮಾರು 40 ಲಕ್ಷ, 1957ರಲ್ಲಿ ಎಂ14 ರೈಫಲ್ ಅದರ ಸ್ಥಾನಕ್ಕೆ ಬರುವ ಹೊತ್ತಿಗೆ ಒಟ್ಟು 54 ಲಕ್ಷದಷ್ಟು ಗ್ಯಾರಂಡ್‌ಗಳು ತಯಾರಾಗಿದ್ದವು. ಯುದ್ಧಕಾಲದಲ್ಲಿ ಸ್ಪ್ರಿಂಗ್‌ಫೀಲ್ಡ್ ಜೊತೆಗೆ ವಿಂಚೆಸ್ಟರ್ ಕಂಪನಿ ದುಡಿದರೆ, ಐವತ್ತರ ದಶಕದಲ್ಲಿ ಟ್ರ್ಯಾಕ್ಟರ್ ತಯಾರಿಸುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕೂಡ ಕೈಜೋಡಿಸಿತು. ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಒಂದು ಕಾರ್ಖಾನೆಯದಾದರೂ ಇನ್ನೊಂದರ ರೈಫಲ್‌ನಲ್ಲಿ ಕೂರಬೇಕು ಎಂಬುದೇ ಈ ಏರ್ಪಾಡಿನ ತಳಪಾಯವಾಗಿತ್ತು. ಇಂಥ ರೈಫಲ್ ಮಾಡಿಕೊಟ್ಟ ಗ್ಯಾರಂಡ್ ಹಕ್ಕುಗಳನ್ನು ಸರ್ಕಾರಕ್ಕೇ ಬರೆದುಕೊಟ್ಟಿದ್ದರು. ಅವರಿಗೆ ಒಂದು ಲಕ್ಷ ಡಾಲರ್ ಗೌರವಧನ ಕೊಡುವ ಮಸೂದೆ ಸಂಸತ್ತಿನಲ್ಲಿ ಅಂಗೀಕಾರ ಪಡೆಯಲಿಲ್ಲ.

ನಾಗರಿಕರಿಗೆ ಸೇನಾ ರೈಫಲ್ ಮಾರುವ ಪದ್ಧತಿ ಗ್ಯಾರಂಡ್‌ಗಿಂತ ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಯ ಯುದ್ಧಗಳು ಅಮೆರಿಕದ ಆಡಳಿತಕ್ಕೆ ಒಂದು ಆತಂಕ ಹುಟ್ಟಿಸಿದ್ದವು. ತುರ್ತಿನಲ್ಲಿ ಸೇನೆಗೆ ಸೇರುವ ಪಟ್ಟಣದ ಹುಡುಗರಿಗೆ ಬಂದೂಕು ಹಿಡಿಯುವುದೇ ಗೊತ್ತಿಲ್ಲದಿದ್ದರೆ ಗತಿಯೇನು ಎಂಬ ಆತಂಕ ಅದು. ಥಿಯೊಡೋರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದ 1903ರಲ್ಲಿ ರೈಫಲ್ ಅಭ್ಯಾಸ ಉತ್ತೇಜನಕ್ಕೆ ರಾಷ್ಟ್ರೀಯ ಮಂಡಳಿಯೊಂದು ಹುಟ್ಟಿತು. 1905ರ ಕಾಯ್ದೆ ಸೇನೆಯ ಹೆಚ್ಚುವರಿ ರೈಫಲ್ ಮತ್ತು ಮದ್ದುಗುಂಡುಗಳನ್ನು ರೈಫಲ್ ಕ್ಲಬ್ಬುಗಳಿಗೆ ಮಾರಲು ಅವಕಾಶ ಕೊಟ್ಟಿತು. 1916ರಲ್ಲಿ ಇದಕ್ಕೆಂದೇ ನಾಗರಿಕ ಗುರಿಗಾರಿಕೆಯ ನಿರ್ದೇಶಕರ ಕಚೇರಿ ತೆರೆಯಿತು. 1996ರಲ್ಲಿ ಕೆಲಸವೆಲ್ಲ ಸರ್ಕಾರದ ಕೈಬಿಟ್ಟು, ಸಿಎಂಪಿ ಎಂದು ಜನ ಕರೆಯುವ ಲಾಭರಹಿತ ಸಂಸ್ಥೆಗೆ ಹೋಯಿತು. ಆಡಳಿತ ಬದಲಾದರೂ ಮಾರಾಟದ ತಿರುಳು ಉಳಿಯಿತು: ಕೊಳ್ಳುವವರು ದೇಶದ ಪ್ರಜೆಯಾಗಿರಬೇಕು, ಮಾನ್ಯ ಕ್ಲಬ್ಬಿನ ಸದಸ್ಯರಾಗಿರಬೇಕು, ಗುರಿ ಅಭ್ಯಾಸದಲ್ಲಿ ತೊಡಗಿದ್ದಕ್ಕೆ ಪುರಾವೆ ತೋರಿಸಬೇಕು, ಹಿನ್ನೆಲೆ ತಪಾಸಣೆಯಲ್ಲಿ ಪಾಸಾಗಬೇಕು. ಈ ಪದ್ಧತಿ ದೋಷವಿಲ್ಲದ್ದೇನೂ ಅಲ್ಲ. ಬಹುಕಾಲ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಎಂಬ ಖಾಸಗಿ ಸಂಘದ ಸದಸ್ಯತ್ವವೂ ಖರೀದಿಗೆ ಕಡ್ಡಾಯವಾಗಿತ್ತು. ಅದು ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು 1979ರಲ್ಲಿ ನ್ಯಾಯಾಲಯ ಹೇಳಬೇಕಾಯಿತು.

ಷರತ್ತಿನ ತೂಕ ಎಷ್ಟೆಂಬುದನ್ನು ಒಬ್ಬನೇ ವ್ಯಕ್ತಿಯ ಬದುಕಿಗೆ ತಾಗಿದ ಎರಡು ರೈಫಲ್‌ಗಳು ಹೇಳುತ್ತವೆ. ಸೆನೆಟರ್ ಆಗಿದ್ದ ಜಾನ್ ಕೆನಡಿ 1959ರಲ್ಲಿ ಇದೇ ಯೋಜನೆಯ ಮೂಲಕ ಒಂದು ಗ್ಯಾರಂಡ್ ಕೊಂಡರು. 1963ರ ನವೆಂಬರ್‌ನಲ್ಲಿ ಅವರನ್ನು ಕೊಂದ ಬಂದೂಕೂ ಯುದ್ಧದಿಂದ ಉಳಿದ ಹಳೆಯ ಸೇನಾ ಸರಕೇ. ಆ ಇಟಾಲಿಯನ್ ಕಾರ್ಕಾನೊವನ್ನು ಕೊಲೆಗಾರ ಪತ್ರಿಕೆಯ ಜಾಹೀರಾತು ನೋಡಿ, ಸುಳ್ಳು ಹೆಸರಿನಲ್ಲಿ, ಇಪ್ಪತ್ತು ಡಾಲರ್ ಆಸುಪಾಸಿಗೆ ಅಂಚೆಯಲ್ಲಿ ತರಿಸಿಕೊಂಡಿದ್ದ. ಯಂತ್ರವಾಗಿ ನೋಡಿದರೆ ಗ್ಯಾರಂಡ್ ಹೆಚ್ಚು ವೇಗದ್ದು, ಹೆಚ್ಚು ಬಲದ್ದು. ಕಾರ್ಕಾನೊದಲ್ಲಿ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯಬೇಕು. ಆದರೆ ಒಂದನ್ನು ಮಾರುವಾಗ ಕೊಳ್ಳುವವರು ಯಾರು, ಏತಕ್ಕೆ ಎಂದು ಕೇಳುವ ಒಂದು ವ್ಯವಸ್ಥೆಯಿತ್ತು, ಇನ್ನೊಂದನ್ನು ಮಾರುವಾಗ ಹಣವೊಂದೇ ಸಾಕಾಗಿತ್ತು. 1968ರ ಬಂದೂಕು ನಿಯಂತ್ರಣ ಕಾಯ್ದೆ ಅಂಥ ಅಂಚೆ ವ್ಯಾಪಾರಕ್ಕೆ ಕಡಿವಾಣ ಹಾಕಿತು, ಗುರಿಗಾರಿಕೆಯ ಯೋಜನೆ ಮುಂದುವರಿಯಿತು.

ಇನ್ನು ಮೂಲ ಬಿಡಿಭಾಗಗಳ ಪ್ರಶ್ನೆ. ಕಾರ್ಖಾನೆಯಿಂದ ಹೊರಟಾಗ ಇದ್ದ ಹಾಗೆಯೇ ಉಳಿದಿರುವ ಗ್ಯಾರಂಡ್‌ಗೆ ಸಂಗ್ರಾಹಕರು ದೊಡ್ಡ ಬೆಲೆ ಕೊಡುತ್ತಾರೆ. ಒಂದು ಕಾಲಘಟ್ಟದ ಲೋಹ, ಮುದ್ರೆ, ಕೆಲಸಗಾರಿಕೆಗೆ ಅಂಥ ಬಂದೂಕು ಸಾಕ್ಷಿಯಾದೀತು ಎಂಬ ಅವರ ಮಾತು ನಿಜ. ವಸ್ತುಸಂಗ್ರಹಾಲಯಕ್ಕೆ ಬೇಕಾದದ್ದು ಅದೇ. ಆದರೆ ಬಹುಪಾಲು ಗ್ಯಾರಂಡ್‌ಗಳ ಜೀವನ ಹಾಗಿರಲಿಲ್ಲ. ಯುದ್ಧ ಮುಗಿದ ಮೇಲೆ ಶಸ್ತ್ರಾಗಾರಗಳು ಅವನ್ನು ಬಿಚ್ಚಿ, ಸವೆದದ್ದನ್ನು ತೆಗೆದು, ಕೈಗೆ ಸಿಕ್ಕ ಒಳ್ಳೆಯ ಭಾಗ ಹಾಕಿ ಮತ್ತೆ ಕಟ್ಟಿದವು. ಕೊರಿಯ, ಗ್ರೀಸ್, ಡೆನ್ಮಾರ್ಕ್, ಟರ್ಕಿ, ಫಿಲಿಪ್ಪೀನ್ಸ್‌ನಂಥ ದೇಶಗಳ ಸೈನ್ಯಗಳಿಗೆ ಲಕ್ಷಗಟ್ಟಲೆ ಹೋದವು. ಅಲ್ಲಿಯೂ ರಿಪೇರಿ ಕಂಡು, ದಶಕಗಳ ನಂತರ ಎಷ್ಟೋ ಮರಳಿ ಬಂದವು. 1943ರ ಬಾಡಿ, ಐವತ್ತರ ದಶಕದ ನಳಿಗೆ, ಇನ್ನೆಲ್ಲಿಯದೋ ಮರದ ಹಿಡಿ ಇರುವ ರೈಫಲನ್ನು ಬೆರಕೆ ಎಂದು ತಳ್ಳಿಹಾಕುವವರು ಅದರ ನಿಜವಾದ ಚರಿತ್ರೆಯನ್ನೇ ತಳ್ಳಿಹಾಕುತ್ತಾರೆ. ಬಿಡಿಭಾಗ ಬದಲಿಸಬಹುದಾದ ಬಂದೂಕಾಗಿಯೇ ಅದನ್ನು ಮಾಡಿದ್ದು, ಬದಲಿಸಿದ್ದರಿಂದಲೇ ಅದು ಉಳಿದದ್ದು. ಇದಕ್ಕೆ ಹೊರತಾದ ಒಂದು ಜಾತಿ ಉಂಟು: ಗುಜರಿಗೆಂದು ಗ್ಯಾಸ್ ಕಟರ್‌ನಲ್ಲಿ ಎರಡು ತುಂಡು ಮಾಡಿದ ಬಾಡಿಗಳನ್ನು ಕೆಲವು ಖಾಸಗಿ ವ್ಯಾಪಾರಿಗಳು ಬೆಸೆದು ಮಾರಿದ್ದಾರೆ. ಅದು ದುರಸ್ತಿಯಲ್ಲ, ಅಪಾಯ. ಬೆಸುಗೆಯ ಗೆರೆ ಕಂಡರೆ ದೂರ ಸರಿಯುವುದೇ ಸರಿ.

ಹಾಗಾದರೆ ಏನನ್ನು ನೋಡಬೇಕು? ಬಳಕೆಗೆ ಯೋಗ್ಯವೇ ಎಂಬುದನ್ನು. ಗ್ಯಾರಂಡ್‌ನ ನಳಿಗೆಯ ತುದಿಯ ಬಳಿ, ಕೆಳಭಾಗದಲ್ಲಿ ಒಂದು ಸಣ್ಣ ತೂತಿದೆ. ಗುಂಡು ಅದನ್ನು ದಾಟಿದ ಕ್ಷಣದಲ್ಲಿ ಮದ್ದಿನ ಅನಿಲ ಒಳನುಗ್ಗಿ ಒಂದು ಉದ್ದನೆಯ ಸರಳನ್ನು ಹಿಂದಕ್ಕೆ ತಳ್ಳುತ್ತದೆ. ಸರಳು ಬೋಲ್ಟನ್ನು ತಿರುಗಿಸಿ ತೆರೆದು, ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಇಂದಿನ ಬೇಟೆಯ ತೋಟಾಗಳಲ್ಲಿ ಭಾರದ ಗುಂಡು ಮತ್ತು ನಿಧಾನವಾಗಿ ಉರಿಯುವ ಮದ್ದು ಇರುವುದುಂಟು. ಅಂಥವನ್ನು ಹಾಕಿದರೆ ತೂತಿನ ಬಳಿ ಒತ್ತಡ ಮಿತಿಮೀರಿ ಆ ಸರಳು ಬಾಗಬಹುದು. ಹಾಗಾಗಿ ತೋಟಾವನ್ನು ರೈಫಲ್‌ಗೆ ತಕ್ಕಂತೆ ಆರಿಸಬೇಕು. ನಳಿಗೆಯ ಎರಡೂ ತುದಿಗಳ ಸವೆತವನ್ನು ಗೇಜ್ ಇಳಿಸಿ ಅಳೆಯಬೇಕು. ಎಂಟು ತೋಟಾಗಳ ಉಕ್ಕಿನ ಕ್ಲಿಪ್ಪನ್ನು ಮೇಲಿನಿಂದ ಒತ್ತಿ ಕೂರಿಸುವಾಗ ಎಚ್ಚರ ತಪ್ಪಿದರೆ ಬೋಲ್ಟ್ ಮುನ್ನುಗ್ಗಿ ಹೆಬ್ಬೆರಳನ್ನು ಜಜ್ಜುತ್ತದೆ; ಯುದ್ಧಕಾಲದ ತೋಟಾ ಬಳಸಿದ ದಿನವೇ ನಳಿಗೆ ತೊಳೆಯದಿದ್ದರೆ ಅದರ ಕ್ಯಾಪಿನ ಉಪ್ಪು ತುಕ್ಕು ಹಿಡಿಸುತ್ತದೆ. ಇಷ್ಟನ್ನೂ ತಿಳಿದ ಮಾಲೀಕರೇ ಈ ಮಾರಾಟಪದ್ಧತಿ ಬಯಸಿದ ನಾಗರಿಕರು.

ಈಗಿನ ರೈಫಲ್ ಹಗುರ, ನಿಖರ, ಅದರ ತೋಟಾ ಅಗ್ಗ. ನಾಲ್ಕು ಕಿಲೋ ಮೀರಿದ ಈ ಹಳೆಯ ಭಾರ ಏಕೆ ಎಂದು ಕೇಳುವವರಿದ್ದಾರೆ. ಸ್ಪರ್ಧೆ ಗೆಲ್ಲುವುದೊಂದೇ ಗುರಿಯಾದರೆ ಅವರ ಮಾತನ್ನು ಅಲ್ಲಗಳೆಯಲಾಗದು. ಆದರೆ ಒಹಾಯೊದ ಕ್ಯಾಂಪ್ ಪೆರಿಯಲ್ಲಿ ಗ್ಯಾರಂಡ್ ಹೆಸರಿನಲ್ಲೇ ನಡೆಯುವ ಪಂದ್ಯ ಬೇರೊಂದನ್ನು ಪರೀಕ್ಷಿಸುತ್ತದೆ. ದುರ್ಬೀನಿಲ್ಲದೆ, ಕಬ್ಬಿಣದ ಗುರಿಕಂಡಿಯಲ್ಲಿ ನೋಡಿ, ಉಸಿರು ಮತ್ತು ಬೆರಳನ್ನು ಹಿಡಿತಕ್ಕೆ ತಂದುಕೊಳ್ಳುವ ವಿದ್ಯೆ ಅದು. ಹಳೆಯ ಯಂತ್ರವನ್ನು ಅದರ ಮಿತಿಯೊಳಗೆ ನಡೆಸಿದವರಿಗೆ ಆ ಕಾಲದ ಸೈನಿಕನ ದುಡಿಮೆ ಎಂಥದ್ದೆಂಬುದು ಮೈಗೆ ಹತ್ತುತ್ತದೆ. ಗಾಜಿನ ಕಪಾಟಿನ ಮುಂದೆ ನಿಂತರೆ ಅದು ಸಿಗುವುದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಬಂದೂಕಿನಿಂದ ಇಷ್ಟು ಸಾವು ಕಾಣುವ ದೇಶದಲ್ಲಿ ಯುದ್ಧದ ಆಯುಧ ಮನೆಗೆ ಬರುವುದನ್ನು ಹೇಗೆ ಸಮರ್ಥಿಸುವುದು? ಸೇನೆಗೆ ಹುಡುಗರನ್ನು ತಯಾರು ಮಾಡುವ 1903ರ ಉದ್ದೇಶವೂ ಈಗ ಉಳಿದಿಲ್ಲವಲ್ಲ? ಉದ್ದೇಶ ಅಳಿದಿದೆ ಎಂಬುದನ್ನು ಒಪ್ಪಲೇಬೇಕು. ದಕ್ಷಿಣ ಕೊರಿಯ ತನ್ನಲ್ಲಿದ್ದ ಗ್ಯಾರಂಡ್‌ಗಳನ್ನು ಅಮೆರಿಕದ ಮಾರುಕಟ್ಟೆಗೆ ಬಿಡಲು ಹೊರಟಾಗ ಅವು ತಪ್ಪು ಕೈಗಳಿಗೆ ಸೇರಬಹುದೆಂದು ಅಂಜಿ 2010ರಲ್ಲಿ ಅಮೆರಿಕ ಸರ್ಕಾರವೇ ಅಡ್ಡ ನಿಂತಿತು. ಆ ಅಂಜಿಕೆಯನ್ನು ಹಗುರಾಗಿ ಕಾಣುವಂತಿಲ್ಲ. ಈ ಪದ್ಧತಿ ಆ ದೇಶದ ಬಂದೂಕು ಸಂಕಟಕ್ಕೆ ಉತ್ತರ ಎಂದೂ ನಾನು ಹೇಳುವುದಿಲ್ಲ. ಆದರೆ ಆಯುಧವನ್ನು ಕಲಿಕೆಗೆ, ಕ್ಲಬ್ಬಿಗೆ, ತಪಾಸಣೆಗೆ ಕಟ್ಟಿಹಾಕಿ ಕೊಡಬಹುದು ಎಂಬುದಕ್ಕೆ ಒಂದು ಶತಮಾನದ ಅನುಭವ ಇಲ್ಲಿದೆ. ನಮ್ಮ ಕೊಡಗಿನ ಪದ್ಧತಿಯೊಂದಿಗೆ ಇದನ್ನು ಹೋಲಿಸಬಹುದು. ಅಲ್ಲಿ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಕುಲಕ್ಕೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಗೂ ಸೇರಿ ಬಂದದ್ದು; ಕೈಲ್‌ಪೊಳ್ದ್ ಹಬ್ಬದ ಆಯುಧಪೂಜೆ ಅದಕ್ಕೆ ಮರ್ಯಾದೆಯ ಚೌಕಟ್ಟು ಹಾಕಿದೆ. ಅಮೆರಿಕದ ಈ ಪದ್ಧತಿಯಲ್ಲಿ ಹುಟ್ಟಿನ ಹಕ್ಕಿಲ್ಲ, ಅಭ್ಯಾಸದ ಚೌಕಟ್ಟಿದೆ. ಟೀಕಿಸುವವರು ಆ ಚೌಕಟ್ಟನ್ನು ಬಿಗಿಗೊಳಿಸಿ ಎಂದು ಕೇಳಿದರೆ ನನ್ನ ಒಪ್ಪಿಗೆ ಇದೆ. ಅದನ್ನು ಕಳಚಿ ಮಾಮೂಲಿ ವ್ಯಾಪಾರವಾಗಿಸುವವರಿಗಿಂತ ಅವರೇ ಈ ಪರಂಪರೆಗೆ ಹತ್ತಿರದವರು.

ಸೇನೆಗಾಗಿ ಗ್ಯಾರಂಡ್ ತಯಾರಿಸುವುದು ನಿಂತು ಬಹಳ ಕಾಲವಾಯಿತು, ಉಗ್ರಾಣಗಳ ದಾಸ್ತಾನು ಕರಗುತ್ತಿದೆ, ಬೆಲೆ ಏರುತ್ತಿದೆ. ಹೂಡಿಕೆಯೆಂದು ಕೊಂಡು ಬೀಗ ಹಾಕಿಡುವವರು ಹೆಚ್ಚಿದಷ್ಟೂ ಕಲಿಯಬೇಕೆನ್ನುವವರ ಕೈಗೆ ಅದು ಎಟುಕದೆ ಹೋಗುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ತಕ್ಕಡಿಗೆ ಹಾಕಬೇಕಾದದ್ದು ಇಷ್ಟು: ಬಾಡಿ ಗಟ್ಟಿಯಾಗಿದೆಯೇ, ನಳಿಗೆಯಲ್ಲಿ ಜೀವವಿದೆಯೇ, ತಕ್ಕ ತೋಟಾ ಸಿಗುತ್ತದೆಯೇ, ಭದ್ರವಾಗಿ ಇಡಲು ಜಾಗವಿದೆಯೇ, ಅಭ್ಯಾಸದ ಮೈದಾನಕ್ಕೆ ಹೋಗುವ ಮನಸ್ಸಿದೆಯೇ. ಇವುಗಳಲ್ಲಿ ಕೊನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ, ಎಷ್ಟೇ ಅಪರೂಪದ ಮುದ್ರೆಯಿದ್ದರೂ ಆ ರೈಫಲನ್ನು ಕಲಿಯುವ ಇನ್ನೊಬ್ಬರಿಗೆ ಬಿಟ್ಟುಕೊಡುವುದೇ ನ್ಯಾಯ.