ಪೇಶ್ವೆಯ ಲಗಾಮು ಎಲ್ಲಿತ್ತು?

ಶನಿವಾರವಾಡೆಯ ಮುಂದೆ ಕುದುರೆಯೇರಿದ ಒಂದನೇ ಬಾಜೀರಾವನ ಪ್ರತಿಮೆಯನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೀರಿ. ಅವನದೊಂದು ಕಥೆಯನ್ನು ಗ್ರಾಂಟ್ ಡಫ್ 1826ರ ತನ್ನ ಮರಾಠರ ಇತಿಹಾಸದಲ್ಲಿ ಬರೆದಿಟ್ಟಿದ್ದಾನೆ. ಪೇಶ್ವೆಯ ಮೇಲೆ ದಂಡೆತ್ತಿದ ನಿಜಾಮ, ಅವನು ಮೊದಲು ಕಂಡ ಭಂಗಿಯಲ್ಲೇ ಬರೆದು ತಾ ಎಂದು ಚಿತ್ರಗಾರನನ್ನು ಕಳಿಸಿದನಂತೆ. ಚಿತ್ರದಲ್ಲಿ ಬಾಜೀರಾವ್ ಸವಾರಿಯಲ್ಲಿದ್ದಾನೆ, ಹೆಗಲಿಗೆ ಭರ್ಜಿ ಒರಗಿದೆ, ಎರಡೂ ಕೈಯಿಂದ ಜೋಳದ ತೆನೆ ತಿಕ್ಕಿ ತಿನ್ನುತ್ತಿದ್ದಾನೆ. (ಊರಿನ ಸೀತನಿ ನೆನಪಾಯಿತೇ? ಇವನಿಗೆ ಸುಡುವಷ್ಟೂ ಪುರುಸೊತ್ತಿಲ್ಲ!)

ಹಾಗಾದರೆ ಲಗಾಮು? ದಂಡಿನ ರೂಢಿಯಂತೆ ಎಡಗೈಗೆ ಲಗಾಮು, ಬಲಗೈಗೆ ಆಯುಧ. ಕಡಿವಾಣ ಕೂರುವುದು ಕುದುರೆಯ ಬಾಯಲ್ಲಿ ಹಲ್ಲಿಲ್ಲದ ವಸಡಿನ ಮೇಲೆ. ಜಗ್ಗಿದರೆ ನೋವು. ಸದಾ ಜಗ್ಗುತ್ತಿದ್ದರೆ ಬಾಯಿ ಮೊಂಡಾಗಿ ಕುದುರೆ ಮಾತೇ ಕೇಳದು. ಪಳಗಿದ ಸವಾರ ಕಾಲು, ಮೈಭಾರಗಳಿಂದಲೇ ನಡೆಸುತ್ತಾನೆ. ಚಿತ್ರದ ಕಥೆ ನಿಜವೋ ಕಟ್ಟಿದ್ದೋ, ಹೇಳಿದವನು ಮಾತ್ರ ಕುದುರೆ ಬಲ್ಲವನು. ಹೀಗೆ ಹಗುರಾಗಿ ಓಡಾಡುವ ಸವಾರರೇ 1728ರಲ್ಲಿ ಪಾಲ್ಖೇಡದ ಬಳಿ ನಿಜಾಮನನ್ನು ಕಟ್ಟಿಹಾಕಿದರು.

ಮರಾಠರ ಹೆಸರಾಂತ ಕುದುರೆ ತಳಿ ಭೀಮಥಡಿ. ಥಡಿ ಎಂದರೆ ನಮ್ಮ ತಡಿಯೇ, ನದಿಯ ದಂಡೆ. ಪುಣೆ ಜಿಲ್ಲೆಯಲ್ಲಿ ಹುಟ್ಟುವ ಅದೇ ಭೀಮೆ ಮುಂದೆ ಕಲಬುರಗಿ ಸೀಮೆಗೆ ಹರಿಯುತ್ತಾಳೆ. ಅಂದಹಾಗೆ, ಕನ್ನಡದಲ್ಲಿ ಜೀನಿಗೂ ತಡಿ ಎನ್ನುವುದುಂಟು.

ಮುಂದಿನ ಸಲ ಶನಿವಾರವಾಡೆಗೆ ಹೋದಾಗ ಪ್ರತಿಮೆಯ ಕೈಗಳನ್ನೊಮ್ಮೆ ನೋಡಿ ಬನ್ನಿ.